ಹಾಲಿನ ಟ್ಯಾಂಕಿನ ಭಾಯಿ

ಯಾವ ಕೋಣೆಗೆ ಬಂದರೂ ಅವರಿಗಿಂತ ಮೊದಲು ಅವರ ಮೂಗು ಒಳಗೆ ಬರುತ್ತಿತ್ತು. ಬಾಗಿಲಲ್ಲಿ ಒಂದು ಕ್ಷಣ ನಿಂತು, ಗಲ್ಲ ಸ್ವಲ್ಪ ಮೇಲೆತ್ತಿ, ಎರಡು ಸಲ ಉಸಿರೆಳೆದುಕೊಂಡು ಆಮೇಲೆ ಚಪ್ಪಲಿ ಬಿಡುತ್ತಿದ್ದರು. "ಯಾರೋ ಇಲ್ಲಿ ಬೆಳಗ್ಗೆ ಚಿತ್ರಾನ್ನ ತಿಂದವ್ರೆ" ಎನ್ನುತ್ತಿದ್ದರು. ತಿಂದವಳು ನಾನೇ. ಲ್ಯಾಬಿನಲ್ಲಿ ಏನೂ ತಿನ್ನಬಾರದು ಎಂಬ ಚೀಟಿಯನ್ನು ಗೋಡೆಗೆ ಅಂಟಿಸಿದವಳೂ ನಾನೇ.

ಹೋದ ತಿಂಗಳು ಅವರ ಮಗ ಫೋನ್ ಮಾಡಿದ. ನಾನು ಕುಣಿಗಲ್ಲಿನ ಕಾಲೇಜಿನಲ್ಲಿ ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬರುತ್ತಿದ್ದೆ. "ಅಬ್ಬಾ ಹೋಗ್ಬುಟ್ರು ಮೇಡಂ, ಮೂರು ದಿನ ಆಯ್ತು. ಅವ್ರ ಫೋನಲ್ಲಿ ಇರೋ ನಂಬರಿಗೆಲ್ಲ ಹೇಳ್ತಾ ಇದೀನಿ. ನಿಮ್ದು 'ಗಾಳಿ ಮೇಡಂ' ಅಂತ ಇತ್ತು, ಯಾರು ಅಂತ ಗೊತ್ತಾಗ್ಲಿಲ್ಲ" ಎಂದ. ನಾನು ಯಾರೆಂದು ಹೇಳಿದೆ. "ಓ, ಟ್ಯಾಂಕಿನ ಮೇಡಮ್ಮಾ" ಎಂದು ಅವನ ದನಿ ಒಡೆಯಿತು. ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ಅಲ್ಲೇ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಅಳು ಬರಲಿಲ್ಲ. ಬಂದದ್ದು ಸಂಜೆ, ಪಾತ್ರೆ ತೊಳೆಯುವಾಗ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸರಿಬರುತ್ತಿರಲಿಲ್ಲ. ಒಮ್ಮೆ ನಾನು ಟ್ಯಾಂಕಿನ ಮೇಲೆ ಅವರ ಹೆಸರು, ನಂಬರಿನ ಚೀಟಿ ಅಂಟಿಸಲು ಹೋದಾಗ ಕೈ ಹಿಡಿದು ತಡೆದಿದ್ದರು. "ರಿಪೇರಿ ಮಾಡ್ದೋನ ಹೆಸರು ಮಿಷನ್ ಮೇಲೆ ಇರ್ಬಾರ್ದು ಮೇಡಂ. ಇದ್ರೆ ಮಿಷನ್ನಿಗೆ ಸಲಿಗೆ ಬಂದ್ಬಿಡುತ್ತೆ, ಮತ್ತೆ ಮತ್ತೆ ಕರೆಸ್ಕೊಳ್ಳುತ್ತೆ." ಹಾಗಾಗಿ ನಾನು ಕರೆಯುತ್ತಿದ್ದ ಹಾಗೆಯೇ ಭಾಯಿ ಎಂದು ಬರೆಯುತ್ತೇನೆ.

ಭಾಯಿಯ ಕಸುಬು ಹಾಲಿನ ಟ್ಯಾಂಕುಗಳದ್ದು. ಊರೂರಿನ ಡೇರಿಗಳಲ್ಲಿ ಜನ ಬೆಳಗ್ಗೆ ಸಂಜೆ ಹಾಲು ಹಾಕುತ್ತಾರಲ್ಲ, ಲಾರಿ ಬಂದು ತುಂಬಿಕೊಂಡು ಹೋಗುವ ತನಕ ಆ ಹಾಲು ಕೆಡದಂತೆ ಇಡುವ ದೊಡ್ಡ ಸ್ಟೀಲಿನ ಟ್ಯಾಂಕುಗಳು. ಗುಬ್ಬಿ, ಚೇಳೂರು, ಕುಣಿಗಲ್ ಸುತ್ತಮುತ್ತ ಅವು ಕೈಕೊಟ್ಟಾಗ ತುಮಕೂರಿನಿಂದ ಸ್ಕೂಟರ್ ಹತ್ತಿ ಹೋಗುತ್ತಿದ್ದವರು ಇವರು. ಹಾಲು ತಂಪು ಮಾಡುವವರು ಎಂದರೆ ಮಾತ್ರ ಒಪ್ಪುತ್ತಿರಲಿಲ್ಲ. "ತಂಪು ಅನ್ನೋದೇ ಇಲ್ಲ ಮೇಡಂ. ಒಳಗಿರೋ ಬಿಸೀನ ಹೊತ್ಕೊಂಡು ಹೋಗಿ ಆಚೆ ಬಿಸಾಕ್ತೀವಿ, ಅಷ್ಟೇ. ನಾವು ಹಮಾಲಿಗಳು." ಭೌತಶಾಸ್ತ್ರದ ಒಂದು ಇಡೀ ಅಧ್ಯಾಯವನ್ನು ಇಷ್ಟು ಚಿಕ್ಕದಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಈಗ ಕ್ಲಾಸಿನಲ್ಲಿ ಇದನ್ನೇ ಹೇಳುತ್ತೇನೆ, ನನ್ನದೇ ಮಾತು ಎಂಬಂತೆ.

ಮೊದಲ ದಿನ ಅವರು ಚೀಲ ಬಿಚ್ಚಿದಾಗ ನಗು ತಡೆದುಕೊಳ್ಳಲು ಕಷ್ಟವಾಗಿತ್ತು. ಸ್ಪ್ಯಾನರು, ತಾಮ್ರದ ಪೈಪಿನ ತುಂಡುಗಳ ನಡುವೆ ಒಂದು ಶೇವಿಂಗ್ ಬ್ರಷ್ಷಿತ್ತು. ಅವರಿಗೋ ಎದೆಯ ತನಕ ಗಡ್ಡ. ನಾನು ನೋಡುತ್ತಿರುವುದನ್ನು ನೋಡಿ, "ಇದು ಪೈಪಿನ ಗಡ್ಡಕ್ಕೆ" ಎಂದರು. ಒಂದು ಲೋಟದಲ್ಲಿ ಸೋಪು ಕದಡಿ ನೊರೆ ಬರಿಸಿ, ಆ ಬ್ರಷ್ಷಿನಲ್ಲಿ ಪೈಪಿನ ಒಂದೊಂದು ಜಾಯಿಂಟಿಗೂ ಹಚ್ಚುತ್ತಾರೆ. ಎಲ್ಲಿ ಗ್ಯಾಸ್ ಸೋರುತ್ತಿದೆಯೋ ಅಲ್ಲಿ ನೊರೆ ಉಬ್ಬುತ್ತದೆ. ಅದಕ್ಕೆ ಯಂತ್ರಗಳೂ ಬಂದಿವೆ. ಭಾಯಿಗೆ ಯಂತ್ರಕ್ಕಿಂತ ನೊರೆಯ ಮೇಲೆ ನಂಬಿಕೆ.

ಹಾಲಿನ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನ ಮನುಷ್ಯ ಇನ್ನೊಬ್ಬರಿಲ್ಲ. ಹಾಲು ಎಲ್ಲ ವಾಸನೆಯನ್ನೂ ಹೀರಿಕೊಳ್ಳುತ್ತದೆ ಎಂದು ಶುಕ್ರವಾರವೂ ಅತ್ತರು ಹಚ್ಚುವುದು ಡೇರಿ ಕೆಲಸ ಮುಗಿದ ಮೇಲೆಯೇ. ಕುಣಿಗಲ್ ಕಡೆಯ ಒಂದು ಡೇರಿಯಲ್ಲಿ ಹಾಲು ಏನೋ ವಾಸನೆ ಬರುತ್ತಿದೆ ಎಂದು ಲಾರಿಯವರು ತಕರಾರು ತೆಗೆದರಂತೆ. ಇವರು ಹೋಗಿ ಬಾಗಿಲಲ್ಲಿ ನಿಂತು ಮೂಗೆಳೆದರು. ಟ್ಯಾಂಕಿನ ತಲೆಯ ಮೇಲೆ ದೇವರ ಫೋಟೊ, ಫೋಟೊದ ಮುಂದೆ ಕಂತೆ ಊದುಬತ್ತಿ. ಹೇಳುವುದು ಹೇಗೆ? ಹೇಳಿದರು. ಸೆಕ್ರೆಟರಿ ಮುಖ ಗಂಟಿಕ್ಕಿಕೊಂಡು, "ಏನ್ ಸಾಬ್ರೇ, ನಮ್ ದೇವ್ರನ್ನೇ ಆಚೆ ಹಾಕ್ತೀರಾ?" ಎಂದರಂತೆ. "ಇಲ್ಲ ಯಜಮಾನ್ರೇ, ದೇವ್ರು ಒಳಗೇ ಇರ್ಲಿ. ದೇವ್ರಿಗೇನೂ ವಾಸ್ನೆ ಇಲ್ಲ. ಊದುಬತ್ತಿ ಮಾತ್ರ ಆಚೆ." ಸೆಕ್ರೆಟರಿ ನಕ್ಕುಬಿಟ್ಟರು. ಅಂದಿನಿಂದ ಆ ಡೇರಿಯಲ್ಲಿ ಊದುಬತ್ತಿ ಜಗುಲಿಯಲ್ಲಿ ಉರಿಯುತ್ತದೆ. ಈ ಕತೆ ಹೇಳುವಾಗಲೆಲ್ಲ ಭಾಯಿ ತಮ್ಮ ಜಾಣತನಕ್ಕೆ ತಾವೇ ಖುಷಿಪಡುತ್ತಿದ್ದರು.

ಅವರು ನನಗೆ ಸಿಕ್ಕಿದ್ದು ಒಂದು ಗುಜರಿ ಟ್ಯಾಂಕಿನ ಜೊತೆಗೆ. ಅದಕ್ಕೆ ನಾನು ಮಾಡುತ್ತಿದ್ದ ಕೆಲಸವನ್ನು ಸ್ವಲ್ಪ ಹೇಳಬೇಕು.

ಗುಬ್ಬಿ ತಾಲ್ಲೂಕಿನ ನಮ್ಮೂರಿನ ಹಿಂದೆ ಒಂದು ನೀಲಗಿರಿ ತೋಪಿದೆ. ಬೇಸಿಗೆಯ ಮಧ್ಯಾಹ್ನ ಅದರ ಪಕ್ಕ ಹಾದುಹೋದರೆ ನೆಗಡಿ ಕಟ್ಟಿದ ಮೂಗೂ ಬಿಟ್ಟುಕೊಳ್ಳುತ್ತದೆ. ಬಿಸಿಲು ಏರಿದಷ್ಟೂ ಎಲೆಗಳು ವಾಸನೆ ಬಿಡುವುದು ಜಾಸ್ತಿ. ಆ ವಾಸನೆ ಆಮೇಲೆ ಏನಾಗುತ್ತದೆ ಎಂಬುದೇ ತುಮಕೂರಿನ ಯೂನಿವರ್ಸಿಟಿಯಲ್ಲಿ ನನ್ನ ಪಿಎಚ್‌ಡಿ. ಅದು ಹಾಗೇ ಕರಗಿಹೋಗುವುದಿಲ್ಲ. ಗಾಳಿಯಲ್ಲಿರುವ ಓಝೋನ್ ಅದನ್ನು ಹಿಡಿದು ಮುರಿಯುತ್ತದೆ, ಮುರಿದ ಅಣುವಿಗೆ ಆಮ್ಲಜನಕ ಸೇರುತ್ತಾ ಹೋಗುತ್ತದೆ, ಹಗುರಾಗಿ ಹಾರಾಡುತ್ತಿದ್ದದ್ದು ಭಾರವಾಗಿ ಅಂಟಂಟಾಗುತ್ತದೆ. ಕೊನೆಗೆ ಅವು ಒಂದಕ್ಕೊಂದು ಕೂಡಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗುತ್ತವೆ. ದೂರದ ಬೆಟ್ಟ ಮಬ್ಬಾಗಿ ಕಾಣುವುದರಲ್ಲಿ, ಮೋಡದಲ್ಲಿ ಹನಿ ಕಟ್ಟುವುದರಲ್ಲಿ ಇಂಥ ಕಣಗಳ ಪಾಲಿದೆ. ಗಾಳಿ ಬಿಸಿಯಿದ್ದಾಗ ಇವು ಹೆಚ್ಚು ಹುಟ್ಟುತ್ತವೋ, ತಂಪಿದ್ದಾಗಲೋ ಎಂಬುದನ್ನು ನಾನು ಅಳೆಯಬೇಕಿತ್ತು.

ಇದನ್ನು ತೋಪಿನಲ್ಲಿ ನಿಂತು ಅಳೆಯಲು ಆಗುವುದಿಲ್ಲ. ಅಲ್ಲಿ ಲಾರಿಯ ಹೊಗೆ, ಸೌದೆಯ ಹೊಗೆ, ರಸ್ತೆಯ ಧೂಳು ಎಲ್ಲ ಇರುತ್ತದೆ. ಮುಚ್ಚಿದ ಪಾತ್ರೆಯೊಂದರಲ್ಲಿ ಶುದ್ಧ ಗಾಳಿ ತುಂಬಿ, ಗಿಡ ಬಿಡುವ ಪೈನೀನ್ ಎಂಬ ವಸ್ತುವನ್ನು ಒಂದಿಷ್ಟು ಬಿಟ್ಟು, ಓಝೋನ್ ಸೇರಿಸಿ, ಎಷ್ಟು ಕಣ ಹುಟ್ಟಿತು ಎಂದು ಎಣಿಸಬೇಕು. ದೊಡ್ಡ ದೇಶಗಳಲ್ಲಿ ಇದಕ್ಕೆ ಮನೆಯಷ್ಟು ದೊಡ್ಡ ಸ್ಟೀಲಿನ ಪಾತ್ರೆ ಮಾಡಿಸಿಕೊಂಡಿದ್ದಾರೆ. ನಮ್ಮ ಗೈಡ್ ಒಂದು ಡೇರಿಯವರು ಬಿಸಾಡಿದ ಹಾಲಿನ ಟ್ಯಾಂಕ್ ತರಿಸಿದರು. ಒಳಗೆಲ್ಲ ಸ್ಟೀಲು, ಸುತ್ತ ತಂಪಿನ ಪೈಪು, ಇನ್ನೇನು ಬೇಕು ಎಂದರು. ಅದನ್ನು ಓಡಿಸಲು ಬಂದವರು ಭಾಯಿ.

ಒಳಗೆ ಹಾಲು ಹಾಕುವುದಿಲ್ಲ, ಗಾಳಿ ಹಾಕುತ್ತೇವೆ ಎಂದಾಗ ಅವರು ನನ್ನನ್ನೂ ಟ್ಯಾಂಕನ್ನೂ ಒಂದು ಸಲ ನೋಡಿದರು. "ಗಾಳೀನ ತಂಪು ಮಾಡಿ ಯಾರಿಗೆ ಕಳಿಸ್ತೀರಾ?" ಎಂದರು. ನಾನು ವಿವರಿಸಿದೆ. ಹೊಸದಾಗಿ ಪಿಎಚ್‌ಡಿಗೆ ಸೇರಿದವರು ವಿವರಿಸುವುದು ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಬೋರ್ಡಿನ ಮೇಲೆ ಚಿತ್ರ ಬರೆದು ಅರ್ಧ ಗಂಟೆ ತೆಗೆದುಕೊಂಡೆ. ತಂಪಾದರೆ ಆವಿ ಬೇಗ ಕೂರುತ್ತದೆ, ಆದ್ದರಿಂದ ತಂಪಿನಲ್ಲಿ ಕಣ ಜಾಸ್ತಿ ಎಂದು ಮುಗಿಸಿದೆ. ಭಾಯಿ ಎಲ್ಲ ಕೇಳಿ ಗಡ್ಡ ಸವರಿಕೊಂಡರು.

"ಒಂದು ಕೇಳ್ಲಾ ಮೇಡಂ? ಚಳಿಗಾಲದಾಗೆ ಕೊಬ್ರಿ ಎಣ್ಣೆ ತಾನಾಗೇ ಗಟ್ಟಿ ಆಗುತ್ತೆ. ಆದ್ರೆ ಅದೇ ಚಳೀಲಿ ಹಾಲಿಗೆ ಹೆಪ್ಪು ಹಾಕಿದ್ರೆ ಬೇಗ ಮೊಸರಾಗಲ್ಲ. ನಿಮ್ ಗಾಳಿ ಎಣ್ಣೆ ಥರಾನೋ, ಹಾಲಿನ ಥರಾನೋ?"

"ಹಂಗೆಲ್ಲ ಅಲ್ಲ ಭಾಯಿ, ಇದು ಕೆಮಿಸ್ಟ್ರಿ" ಎಂದೆ. ಆ ಮಾತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಏಕೆಂದರೆ ಇಡೀ ವಿಷಯ ಅವರು ಕೇಳಿದಷ್ಟೇ. ಮುಂದೆ ಎಲ್ಲ ಪ್ರಯೋಗವನ್ನೂ ಎರಡನೇ ಸಲ ಮಾಡಿದ ಮೇಲೆ ನನಗೆ ಸಿಕ್ಕ ಉತ್ತರವೂ ಅದೇ. ಎರಡೂ ನಿಜ. ತಂಪಿನಲ್ಲಿ ಅಣುಗಳು ಎಣ್ಣೆಯ ಹಾಗೆ ಬೇಗ ಕೂರುತ್ತವೆ. ಆದರೆ ಅವು ಹಾಗೆ ಕೂರುವಷ್ಟು ಭಾರವಾಗಬೇಕಾದರೆ ಆಮ್ಲಜನಕ ಸೇರುತ್ತಾ ಹೋಗಬೇಕಲ್ಲ, ಆ ಕೆಲಸ ತಂಪಿನಲ್ಲಿ ಮೊಸರಿನ ಹಾಗೆ ನಿಧಾನ. ಬಿಸಿ ಗಾಳಿ ಭಾರದ ಅಣುಗಳನ್ನು ಹೆಚ್ಚು ಮಾಡಿಕೊಡುತ್ತದೆ, ಹಗುರದವನ್ನು ಕೂರಲು ಬಿಡುವುದಿಲ್ಲ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. ಎರಡನ್ನೂ ಕೂಡಿ ಕಳೆದು ನನ್ನ ಟ್ಯಾಂಕಿನಲ್ಲಿ ಉಳಿದದ್ದು, ತಂಪಿನ ಕಡೆ ಸ್ವಲ್ಪವೇ ಏರುವ ಒಂದು ಸಪ್ಪೆ ಗೆರೆ. ಆ ಸಪ್ಪೆ ಗೆರೆಗೇ ನನಗೆ ಡಾಕ್ಟರೇಟ್ ಬಂದದ್ದು.

ಮೊದಲ ಸಲ ಬಂದಿದ್ದ ಗೆರೆ ಸಪ್ಪೆಯಾಗಿರಲಿಲ್ಲ. ಮೂವತ್ತೈದು ಡಿಗ್ರಿಯಿಂದ ಐದು ಡಿಗ್ರಿಗೆ ಇಳಿಸುತ್ತಾ ಬಂದಂತೆ ಕಣಗಳು ದಿಢೀರನೆ ಏರುತ್ತಿದ್ದವು. ಬೇರೆಯವರು ಅಳೆದದ್ದಕ್ಕಿಂತ ನಮ್ಮದು ಎಷ್ಟೋ ಕಡಿದು. ಗೈಡ್ ಆ ಗ್ರಾಫನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ತಮ್ಮ ಟೇಬಲ್ಲಿನ ಗಾಜಿನ ಕೆಳಗೆ ಇಟ್ಟುಕೊಂಡರು. ನಾನು ತುಮಕೂರಿನ ಶೆಟ್ಟಿಹಳ್ಳಿಯಲ್ಲಿದ್ದ ನನ್ನ ರೂಮಿನಿಂದ ಊರಿಗೆ ಫೋನ್ ಮಾಡಿ ಅಮ್ಮನಿಗೆ, "ಹೊಸದೇನೋ ಸಿಕ್ಕಿದೆ ಕಣಮ್ಮ" ಎಂದೆ. "ಊಟ ಮಾಡ್ದಾ?" ಎಂದರು ಅಮ್ಮ. ಪ್ರಬಂಧ ಬರೆದಾಯಿತು. ದೊಡ್ಡ ಸೆಮಿನಾರಿನಲ್ಲಿ ಅದನ್ನು ಓದುವುದೆಂದೂ ನಿಶ್ಚಯವಾಯಿತು.

ಸೆಮಿನಾರಿಗೆ ಎರಡು ವಾರ ಇರುವಾಗ ಭಾಯಿ ಟ್ಯಾಂಕಿನ ಮುಚ್ಚಳದ ರಬ್ಬರ್ ಬದಲಿಸಲು ಬಂದರು. ಹಿಂದಿನ ದಿನವಷ್ಟೇ ಐದು ಡಿಗ್ರಿಯ ಕೊನೆಯ ಪ್ರಯೋಗ ಮುಗಿದಿತ್ತು. ಮುಚ್ಚಳ ತೆಗೆದು, ಅಭ್ಯಾಸದಂತೆ ತಲೆ ಒಳಗೆ ಹಾಕಿದರು. ಬಹಳ ಹೊತ್ತು ಹಾಗೇ ಇದ್ದರು.

"ಇದ್ರೊಳಗೆ ನಿಂಬೆಹಣ್ಣು ಬಿಟ್ರಾ?"

"ಇಲ್ಲ ಭಾಯಿ. ಪೈನೀನ್. ಟರ್ಪೆಂಟೈನ್ ಥರ ಇರುತ್ತಲ್ಲ, ಅದು."

"ಅದು ಗೊತ್ತು. ಇದು ಅದಲ್ಲ" ಎಂದರು. ತಲೆ ಹೊರಗೆ ತೆಗೆದರು. ಸಿಂಕಿನ ಕಡೆ ನೋಡಿದರು. ರಬ್ಬರನ್ನೂ ಹಾಕದೆ ಚೀಲ ಕಟ್ಟಿಕೊಂಡು ಹೊರಟುಹೋದರು. ಮೈ ಸರಿಯಿಲ್ಲವೇನೋ ಎಂದುಕೊಂಡೆ.

ಮಾರನೇ ದಿನ ಬೆಳಗ್ಗೆ ನಾನು ಬರುವಷ್ಟರಲ್ಲಿ ಅವರು ಲ್ಯಾಬಿನ ಮೆಟ್ಟಿಲ ಮೇಲೆ ಕೂತಿದ್ದರು. ಬೀಗ ತೆಗೆದೆ. ಅವರು ನೇರ ಸಿಂಕಿಗೆ ಹೋಗಿ, ಅಲ್ಲಿದ್ದ ಪಾತ್ರೆ ತೊಳೆಯುವ ಹಸಿರು ಲಿಕ್ವಿಡ್ ಸೋಪಿನ ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟರು. ಬಾಟಲಿಯ ಮೇಲೆ ನಿಂಬೆಹಣ್ಣಿನ ಚಿತ್ರ.

"ಹೇಳೋದಿದೆ ಮೇಡಂ. ತಂಪಿನ ದಿನ ನೀವು ಕರೆದಾಗ್ಲೆಲ್ಲ ಜಾಯಿಂಟಿಗೆ ನೊರೆ ಹಚ್ತಿದ್ನಲ್ಲ, ವಾಸ್ನೆ ಇಲ್ದಿರೋ ನಮ್ ಸೋಪು ತರ್ತಿರ್ಲಿಲ್ಲ. ಇದು ಕೈಗೆ ಸಿಗ್ತು, ಇದನ್ನೇ ಹಚ್ಚಿದೀನಿ. ಮುಚ್ಚಳದ ಮೇಲಿರೋ ನಿಮ್ ಗಾಳಿ ಪೈಪಿನ ಜಾಯಿಂಟಿಗೂ ಹಚ್ಚಿದೀನಿ, ಹೆಂಗಿದ್ರೂ ಪಕ್ದಾಗೆ ಇದಾವಲ್ಲ ಅಂತ. ಡೇರೀಲಾದ್ರೆ ಇದನ್ನ ಬಾಗ್ಲೊಳಗೂ ಬಿಡಲ್ಲ ನಾನು. ಹಾಲು ವಾಸ್ನೆ ಹಿಡಿಯುತ್ತೆ ಅಂತ ಗೊತ್ತು. ಗಾಳಿ ಏನ್ ಹಿಡಿಯುತ್ತೆ ಅಂದ್ಕೊಂಡೆ. ಹಾಲಿಲ್ಲ ಅಂತ ಸದರ ತಗೊಂಡೆ."

ನಿಂಬೆಯ ವಾಸನೆ ಎಂದರೆ ಲಿಮೊನೀನ್. ಅದು ಪೈನೀನಿಗೆ ಖಾಸಾ ನೆಂಟ, ಓಝೋನ್ ಕಂಡರೆ ಅದಕ್ಕಿಂತ ಬೇಗ ಕೂಡಿಕೊಂಡು ರಾಶಿ ಕಣ ಮಾಡುವಂಥದ್ದು. ಕಂಪ್ರೆಸರ್ ಹೆಚ್ಚು ದುಡಿಯುತ್ತಿದ್ದುದು ತಂಪಿನ ದಿನಗಳಲ್ಲಿ, ಹಾಗಾಗಿ ನಾನು ಭಾಯಿಯನ್ನು ಕರೆಯುತ್ತಿದ್ದುದೂ ಅಂದೇ. ಟ್ಯಾಂಕು ತಂಪಾದರೆ ಒಳಗಿನ ಗಾಳಿ ಕುಗ್ಗುತ್ತದೆ, ಕುಗ್ಗಿದ ಗಾಳಿ ಸಡಿಲವಾದ ಜಾಯಿಂಟಿನಿಂದ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಜಾಯಿಂಟಿನ ಸುತ್ತ ನಿಂಬೆ ನೊರೆ. ಬಿಸಿಯ ದಿನಗಳಲ್ಲಿ ನೊರೆಯೂ ಇಲ್ಲ, ಟ್ಯಾಂಕು ಒಳಗೆ ಎಳೆದುಕೊಳ್ಳುವುದೂ ಇಲ್ಲ. ಗೈಡ್ ಗಾಜಿನ ಕೆಳಗಿಟ್ಟುಕೊಂಡಿದ್ದ ಆ ಕಡಿದಾದ ಗೆರೆಯಲ್ಲಿ ನೀಲಗಿರಿ ಎಷ್ಟಿತ್ತೋ, ಪಾತ್ರೆ ಸೋಪು ಎಷ್ಟಿತ್ತೋ, ಹೇಳುವುದು ಸಾಧ್ಯವೇ ಇರಲಿಲ್ಲ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಭಾಯಿ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಸ ರಬ್ಬರ್ ಹಾಕಿ, ಮುಂದಿನ ಸಲದಿಂದ ತಮ್ಮ ಸೋಪು ತಂದಿದ್ದರೆ ಮುಗಿದುಹೋಗುತ್ತಿತ್ತು. ಗೆರೆ ನಾವು ಎಣಿಸಿದ ದಿಕ್ಕಿಗೇ ಏರಿತ್ತು, ಆದ್ದರಿಂದ ಯಾರೂ ಅನುಮಾನಪಟ್ಟಿರಲಿಲ್ಲ. ಒಂದು ಸುಳ್ಳು ನನ್ನ ಹೆಸರಿನಲ್ಲಿ ಅಚ್ಚಾಗಿ ಹೋಗುವುದನ್ನು ತಪ್ಪಿಸಿದವರು ಅವರು. ನನ್ನ ಮೇಷ್ಟ್ರುಗಳಿಗೆಲ್ಲ ನಾನು ಋಣಿ, ಆದರೆ ಇಷ್ಟು ದೊಡ್ಡ ಉಪಕಾರ ಅವರಲ್ಲಿ ಯಾರಿಂದಲೂ ಆಗಿಲ್ಲ.

"ನಿಮ್ ಸಾರ್‌ಗೆ ನಾನೇ ಹೇಳ್ತೀನಿ" ಎಂದರು. ಇಬ್ಬರೂ ಹೋದೆವು.

ಗೈಡ್ ಕೆಟ್ಟ ಮನುಷ್ಯರಲ್ಲ. ಆದರೆ ಅಂದು ಅವರ ಮುಖ ನೋಡುವಂತಿರಲಿಲ್ಲ. ಭಾಯಿ ನಿಂತುಕೊಂಡೇ ಎಲ್ಲ ಹೇಳಿದರು. ಕೂರಿ ಎಂದು ಯಾರೂ ಹೇಳಲಿಲ್ಲ. ಗೈಡ್ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ ನನ್ನ ಕಡೆ ತಿರುಗಿದರು.

"ಖಾಲಿ ಟ್ಯಾಂಕ್ ಓಡಿಸಿದ್ರಲ್ಲಮ್ಮ? ಅದ್ರಲ್ಲಿ ಯಾಕೆ ಕಾಣಿಸ್ಲಿಲ್ಲ ಇದು?"

ಈ ಕೆಲಸದಲ್ಲಿ ಒಂದು ನಿಯಮವಿದೆ. ಗಿಡದ ವಸ್ತುವನ್ನು ಬಿಡದೆ, ಬರೀ ಶುದ್ಧ ಗಾಳಿ ಮತ್ತು ಓಝೋನಿನೊಂದಿಗೆ ಟ್ಯಾಂಕನ್ನು ಖಾಲಿ ಓಡಿಸಬೇಕು. ಆಗಲೂ ಕಣ ಬಂದರೆ ಟ್ಯಾಂಕಿನಲ್ಲೇ ಏನೋ ಕೊಳೆಯಿದೆ ಎಂದರ್ಥ. ಪ್ರತಿ ಟೆಂಪರೇಚರಿನಲ್ಲೂ ಇದನ್ನು ಮಾಡಬೇಕು. ನಾನು ಮಾಡಿದ್ದು ಇಪ್ಪತ್ತೈದು ಡಿಗ್ರಿಯಲ್ಲಿ ಮಾತ್ರ. ಐದಕ್ಕೆ ಇಳಿಸಲು ಒಂದು ದಿನ, ತಿರುಗಿ ಏರಿಸಲು ಒಂದು ದಿನ. ಒಂದು ಟೆಂಪರೇಚರಿನಲ್ಲಿ ಸ್ವಚ್ಛವಾಗಿರುವ ಟ್ಯಾಂಕು ಇನ್ನೊಂದರಲ್ಲಿ ಕೊಳೆಯಾಗುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ತಂಪಿನಲ್ಲಿ ಒಂದೇ ಒಂದು ಸಲ ಖಾಲಿ ಓಡಿಸಿದ್ದರೂ ಭಾಯಿಯ ಸೋಪು ಮೊದಲ ವಾರವೇ ಸಿಕ್ಕಿಬೀಳುತ್ತಿತ್ತು.

"ಓಡಿಸಿದ್ದೆ ಸಾರ್. ಆಗ ಏನೂ ಇರ್ಲಿಲ್ಲ" ಎಂದೆ.

ಸುಳ್ಳು ಹೇಳಿದೆ ಎನ್ನಲು ಬರುವುದಿಲ್ಲ, ನಿಜ ಹೇಳಿದೆ ಎನ್ನಲು ಇನ್ನೂ ಬರುವುದಿಲ್ಲ. ಭಾಯಿ ನನ್ನ ಕಡೆ ಒಂದು ಸಲ ನೋಡಿದರು.

"ಅಂದ್ರೆ ಈ ಸೋಪು ಆಮೇಲೆ ಶುರು ಮಾಡಿದ್ದಾ ನೀವು?" ಎಂದು ಗೈಡ್ ಅವರನ್ನು ಕೇಳಿದರು.

"ಹಚ್ಚಿದ್ದು ನಾನೇ ಸಾರ್" ಎಂದರು ಭಾಯಿ. ಅಷ್ಟೇ ಹೇಳಿದರು.

ಸೆಮಿನಾರಿನಿಂದ ನಮ್ಮ ಪ್ರಬಂಧ ವಾಪಸ್ಸು ಪಡೆದೆವು. ಈ ಮೆಕ್ಯಾನಿಕ್ಕನ್ನು ಇನ್ನು ಕರೆಯಬೇಡಿ ಎಂದು ಗೈಡ್ ಆಫೀಸಿಗೆ ಬರೆದುಕೊಟ್ಟರು. ಗೇಟಿನವನಿಗೂ ಹೇಳಿದ್ದಾಯಿತು. ಬಿಟ್ಟುಹೋಗಿದ್ದ ಸ್ಪ್ಯಾನರ್ ತೆಗೆದುಕೊಳ್ಳಲು ಬಂದ ಭಾಯಿಯನ್ನು ಗೇಟಿನಲ್ಲೇ ನಿಲ್ಲಿಸಿದರು. ಸ್ಪ್ಯಾನರನ್ನು ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. "ರಬ್ಬರ್ ಹಾಕಿಸ್ಕೊಳ್ಳಿ ಮೇಡಂ, ಮರೀಬೇಡಿ" ಎಂದು ಸ್ಕೂಟರ್ ಹತ್ತಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಹೀಗೆ ಹನ್ನೊಂದು ದಿನ ಕಳೆದೆ. ಆ ದಿನಗಳಲ್ಲಿ ನನಗೆ ನಾನು ಏನೇನು ಹೇಳಿಕೊಂಡೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಸೋಪು ಹಚ್ಚಿದ್ದು ಅವರೇ ತಾನೇ ಎಂದುಕೊಂಡೆ. ಅವರಿಗೆ ಡೇರಿಗಳ ಕೆಲಸ ಬೇಕಾದಷ್ಟಿದೆ, ನನಗೆ ಇರುವುದು ಇದೊಂದೇ ಎಂದುಕೊಂಡೆ. ಹನ್ನೊಂದನೇ ದಿನ ನಮ್ಮ ಅಟೆಂಡರ್ ಟೀ ಲೋಟ ಇಡುತ್ತಾ ಹೇಳಿದ. ಅವನದು ಚೇಳೂರಿನ ಹತ್ತಿರದ ಊರು.

"ನಮ್ಮೂರ್ ಡೇರೀಲೂ ಮಾತು ಬಂದದೆ ಮೇಡಂ. ಸಾಬ್ರು ಯೂನಿವರ್ಸಿಟಿ ಮಿಷನ್ನೇ ಕೆಡ್ಸವ್ರಂತೆ, ಇನ್ಮೇಲೆ ಬೇರೆಯೋರ್ನ ಕರ್ಸಾನ ಅಂತವ್ರೆ. ಇವತ್ತು ಚೇಳೂರ್ ಡೇರಿಗೆ ಹೋಗವ್ರೆ ಸಾಬ್ರು, ಅಲ್ಲೂ ಅದೇ ಮಾತೋ ಏನೋ."

ಮಾತು ಇಲ್ಲಿಂದ ಅಲ್ಲಿಗೆ ಹೋದದ್ದು ಅವನ ಬಾಯಿಂದಲೇ ಎಂದು ಗೊತ್ತಿತ್ತು. ಅವನನ್ನು ಬೈಯುವ ಮುಖ ನನಗ್ಯಾವುದು? ಮೂವತ್ತು ವರ್ಷ ಒಂದು ಹನಿ ಹಾಲಿಗೂ ವಾಸನೆ ತಾಗಿಸದ ಮನುಷ್ಯನ ಹೆಸರಿಗೆ ನನ್ನ ಒಂದು ಅರ್ಧ ಮಾತು ತಾಗಿತ್ತು. ಟೀ ಹಾಗೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಹೋದೆ. ಗುಬ್ಬಿಯಲ್ಲಿ ಇಳಿದು ಚೇಳೂರಿನ ಬಸ್ಸು ಹತ್ತಿದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಿದ್ದಿ ತಿದ್ದಿ ಸಣ್ಣದು ಮಾಡುತ್ತಿದ್ದೆ.

ಡೇರಿಯಲ್ಲಿ ಆ ಹೊತ್ತಿಗೆ ಜನರಿರಲಿಲ್ಲ. ತೊಳೆದು ಬೋರಲು ಹಾಕಿದ ಕ್ಯಾನುಗಳು, ಒದ್ದೆ ನೆಲ. ಭಾಯಿ ಟ್ಯಾಂಕಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಪೈಪಿಗೆ ನೊರೆ ಹಚ್ಚುತ್ತಿದ್ದರು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಕ್ಯಾನೊಂದನ್ನು ಸರಿಸಿ, "ಕೂರಿ" ಎಂದರು. ನಾನು ನಿಂತೇ ಹೇಳಿದೆ.

"ಭಾಯಿ, ಖಾಲಿ ಟ್ಯಾಂಕನ್ನ ನಾನು ತಂಪಲ್ಲಿ ಓಡಿಸೇ ಇರ್ಲಿಲ್ಲ. ಇಪ್ಪತ್ತೈದ್ರಲ್ಲಿ ಮಾತ್ರ. ಓಡಿಸಿದ್ರೆ ನಿಮ್ ಸೋಪು ಮೊದಲ್ನೇ ವಾರವೇ ಗೊತ್ತಾಗ್ತಿತ್ತು. ತಪ್ಪು ನಂದು."

ಅವರು ಬ್ರಷ್ಷನ್ನು ಲೋಟದೊಳಗೆ ಇಟ್ಟರು.

"ಗೊತ್ತಿತ್ತು."

"ಹೆಂಗೆ?"

"ಕಂಪ್ರೆಸರಿಗೆ ಮೀಟರ್ ಇದೆಯಲ್ಲ, ಎಷ್ಟು ಗಂಟೆ ಓಡಿದೆ ಅಂತ. ಬಂದಾಗ್ಲೆಲ್ಲ ನೋಡ್ತೀನಿ. ನೀವು ನೊರೆ ಹಚ್ಚಿಸಿದ ದಿನಗಳು ಬಿಟ್ರೆ ಅದು ಅಷ್ಟು ಹೊತ್ತು ಓಡೇ ಇಲ್ಲ. ಅಂದಮೇಲೆ ಖಾಲಿ ಯಾವಾಗ ತಂಪು ಮಾಡಿದ್ರಿ?"

"ಮತ್ತೆ ಸಾರ್ ಮುಂದೆ ಯಾಕೆ ಹೇಳ್ಲಿಲ್ಲ?"

"ನಂದು ನಾನು ಹೇಳ್ದೆ. ನಿಮ್ದು ನೀವು ಹೇಳ್ಬೇಕು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಅಳತೊಡಗಿದೆ. ಅವರು ಬ್ರಷ್ಷು ತೆಗೆದು ಉಳಿದ ಜಾಯಿಂಟಿಗೆ ನೊರೆ ಹಚ್ಚಿ ಮುಗಿಸಿದರು. ಆಮೇಲೆ ಕೇಳಿದರು, "ನಿಮ್ ಸಾರ್‌ಗೆ ಹೇಳಿದ್ರಾ?"

"ಇಲ್ಲ. ಮೊದ್ಲು ನಿಮಗೆ ಹೇಳೋಣ ಅಂತ ಬಂದೆ."

"ನಂಗೆ ಗೊತ್ತಿರೋದನ್ನ ನಂಗೆ ಹೇಳೋಕೆ ಇಷ್ಟು ದೂರ ಬಂದ್ರಾ ಮಗಳೇ?"

ಮೇಡಂ ಎನ್ನದೆ ಅವರು ನನ್ನನ್ನು ಕರೆದದ್ದು ಅದೊಂದೇ ಸಲ. ಎದ್ದು ಕೈ ಒರೆಸಿಕೊಂಡು, ಬಾಗಿಲಿಗೆ ಬಂದು ರಸ್ತೆ ನೋಡಿದರು. "ಗುಬ್ಬಿ ಬಸ್ಸು ಈಗ ಬರುತ್ತೆ. ಅಲ್ಲಿಂದ ತುಮಕೂರಿಗೆ ಬೇಕಾದಷ್ಟಿದಾವೆ. ಅವ್ರು ಮನೆಗೆ ಹೋಗೋದ್ರೊಳಗೆ ಹೋಗಿ."

"ನೀವೂ ಬನ್ನಿ ಭಾಯಿ."

"ನಾನ್ಯಾಕೆ? ನಂಗೆ ಕೆಲ್ಸ ಇದೆ."

ಬಸ್ಸು ಬರುವ ತನಕ ಜೊತೆಗೆ ನಿಂತರು. ಹತ್ತಿಸಿ ತಿರುಗಿ ನೋಡದೆ ಡೇರಿಯೊಳಗೆ ಹೋದರು. ನಾನು ದಾರಿಯಲ್ಲಿ ಏನನ್ನೂ ತಿದ್ದಲಿಲ್ಲ. ತುಮಕೂರು ತಲುಪಿದಾಗ ಡಿಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುತ್ತಿದ್ದರು. ಗೈಡ್ ಆಗಲೇ ತಮ್ಮ ರೂಮಿಗೆ ಬೀಗ ಹಾಕುತ್ತಿದ್ದರು. "ಏನಮ್ಮ ಈ ಹೊತ್ತಲ್ಲಿ, ನಾಳೆ ಮಾತಾಡೋಣ" ಎಂದರು.

"ಇವತ್ತೇ ಹೇಳ್ಬೇಕು ಸಾರ್" ಎಂದೆ. "ಖಾಲಿ ಟ್ಯಾಂಕನ್ನ ನಾನು ಇಪ್ಪತ್ತೈದ್ರಲ್ಲಿ ಮಾತ್ರ ಓಡಿಸಿದ್ದೆ. ಭಾಯಿಗೆ ಅದು ಗೊತ್ತಿತ್ತು. ನಿಮ್ಮ ಮುಂದೆ ಅವತ್ತು ನಿಂತಿದ್ದಾಗ್ಲೂ ಗೊತ್ತಿತ್ತು."

ಗೈಡ್ ಬಾಗಿಲಿನ ಬೀಗ ಮತ್ತೆ ತೆಗೆದರು.